ಆಯುಧ ಪೂಜೆಗೆ ಮೊದಲು ನಿಂತುಹೋದ ಖಾತೆ: ಸೈಬರ್ ವಂಚನೆ, ಎಐ ಮತ್ತು ಕಾನೂನಿನ ಕುರಿತು ದಾವಣಗೆರೆಯ ಒಂದು ಪ್ರಕರಣ

2025ರ ಸೆಪ್ಟೆಂಬರ್ 26, ಶುಕ್ರವಾರ ಸಂಜೆ. ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಮಾಲೀಕರು ಭತ್ತದ ವ್ಯಾಪಾರಿಗೆ ಫೋನಿನಿಂದ ಹಣ ಕಳಿಸಲು ಹೋದರು. ಹೋಗಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅಂತ ಮತ್ತೆ ಕಳಿಸಿದರು. ಆಗಲೂ ಹೋಗಲಿಲ್ಲ. ಕರೆಂಟ್ ಅಕೌಂಟ್‌ನಲ್ಲಿ 3,41,700 ರೂಪಾಯಿ ಇತ್ತು. ಗಿರಾಕಿಗಳ ಹಣ ಒಳಗೆ ಬರುತ್ತಲೇ ಇತ್ತು. ಒಂದು ರೂಪಾಯಿ ಕೂಡ ಹೊರಗೆ ಹೋಗುತ್ತಿರಲಿಲ್ಲ.

ಮರುದಿನ ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಭಟ್ಟಿಯಲ್ಲಿ ಅದೇ ಬಟವಾಡೆಯ ದಿನ. ಭಾನುವಾರ ಕಳೆದ ಮೇಲೆ ಬ್ಯಾಂಕ್ ತೆರೆಯುವುದು ಸೋಮವಾರ ಮತ್ತು ಮಂಗಳವಾರ ಮಾತ್ರ. ಬುಧವಾರ ಆಯುಧ ಪೂಜೆ, ಗುರುವಾರ ಗಾಂಧಿ ಜಯಂತಿ ಮತ್ತು ವಿಜಯದಶಮಿ. ಆಯುಧ ಪೂಜೆಗೆ ಅಂಗಡಿ, ಗ್ಯಾರೇಜು, ಮಿಲ್ಲು, ಬಸ್ ಸ್ಟ್ಯಾಂಡು ಎಲ್ಲ ಕಡೆ ಮಂಡಕ್ಕಿ ಹಂಚುತ್ತಾರೆ ಎನ್ನುವುದು ನಮಗೆಲ್ಲ ಗೊತ್ತು. ಭಟ್ಟಿಯವರಿಗೆ ಅದು ಹಗಲು ರಾತ್ರಿ ಒಲೆ ಉರಿಯುವ ವಾರ. ಆ ವಾರವೇ ಹಣ ನಿಂತಿತು.

ಈ ಪ್ರಕರಣದಲ್ಲಿ ಭಟ್ಟಿಯವರ ಪರವಾಗಿ ಕಾಗದಪತ್ರ ನೋಡಿಕೊಂಡ ವಕೀಲ ನಾನು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರು, ಬ್ಯಾಂಕು, ಹೊರರಾಜ್ಯದ ಪೊಲೀಸ್ ಠಾಣೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಹೇಳಬೇಕಾಗಿರುವುದು ಬೇರೆ. ಸೈಬರ್ ವಂಚನೆ ತಡೆಯುವ ಕೆಲಸವನ್ನು ಬ್ಯಾಂಕುಗಳು ಈಗ ಎಐಗೆ ಒಪ್ಪಿಸುತ್ತಿವೆ. ಒಪ್ಪಿಸಲಿ. ಆದರೆ ಆ ಎಐ ಒಬ್ಬರ ಖಾತೆ ನಿಲ್ಲಿಸಿದಾಗ ಅದಕ್ಕೆ ಉತ್ತರ ಕೊಡಬೇಕಾದ ಮನುಷ್ಯ ಯಾರು ಎಂದು ನಮ್ಮ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ಇದರ ಪೆಟ್ಟು ಮೊದಲು ಬೀಳುವುದು ಸಣ್ಣ ವ್ಯಾಪಾರಿಗಳ ಮೇಲೆ.

ಸೋಮವಾರ ಬ್ಯಾಂಕಿನಲ್ಲಿ

ಶನಿವಾರ ಮಾಲೀಕರು ಪರಿಚಯದವರ ಹತ್ತಿರ ಕೈಸಾಲ ಮಾಡಿ ಬಟವಾಡೆ ಕೊಟ್ಟರು. ಅವರಿಗೆ ಮೊದಲು ಬಂದ ಅನುಮಾನ ಜಿಎಸ್‌ಟಿಯದು. ಆ ವರ್ಷದ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಿದ್ದು, ಅಂಗಡಿಗಳ ಮುಂದೆ 'ಓನ್ಲಿ ಕ್ಯಾಶ್' ಬೋರ್ಡ್ ನೇತಾಡಿದ್ದು ಎಲ್ಲರಿಗೂ ನೆನಪಿತ್ತಲ್ಲ. ಆದರೆ ಅವರಿಗೆ ಯಾವ ನೋಟಿಸೂ ಬಂದಿರಲಿಲ್ಲ.

ಸೋಮವಾರ ಬ್ರಾಂಚ್‌ನಲ್ಲಿ ಸಿಕ್ಕ ಉತ್ತರ ಇಷ್ಟೇ: "ಸಿಸ್ಟಮ್ ಬ್ಲಾಕ್ ಮಾಡಿದೆ ಸರ್. ಹೆಡ್ ಆಫೀಸಿನಿಂದ ಆಗಿರೋದು. ನಮ್ಮ ಕೈಲಿ ಏನೂ ಇಲ್ಲ."

"ನಾವೇನ್ ಕಳ್ತನ ಮಾಡೀವೇನ್ರಿ?" ಅಂತ ಮಾಲೀಕರು ಕೇಳಿದರು. ಕೌಂಟರಿನಲ್ಲಿದ್ದ ಹುಡುಗನಾದರೂ ಏನು ಹೇಳಬೇಕು? ಅವನ ಪರದೆಯ ಮೇಲೆ 'ಡೆಬಿಟ್ ಫ್ರೀಜ್', ಅಂದರೆ ಹಣ ಹೊರಗೆ ಹೋಗದಂತೆ ತಡೆ, ಎಂದಿತ್ತು. ಕಾರಣದ ಜಾಗದಲ್ಲಿ ಒಂದು ಕೋಡ್ ಇತ್ತು.

ಅದೇ ದಿನ ಮಧ್ಯಾಹ್ನ ಒಂದು ಎಸ್‌ಎಂಎಸ್ ಬಂತು. ಸೈಬರ್ ಕ್ರೈಂ ಪೋರ್ಟಲ್‌ನ ದೂರಿನ ಮೇಲೆ ಖಾತೆಯಲ್ಲಿ 18,400 ರೂಪಾಯಿಗೆ ಹೋಲ್ಡ್ (ತಡೆ) ಹಾಕಲಾಗಿದೆ ಎಂದು ಅದರಲ್ಲಿತ್ತು. ಒಂದು ದೂರಿನ ಸಂಖ್ಯೆಯೂ ಇತ್ತು. ಮಂಗಳವಾರ ಮತ್ತೆ ಬ್ಯಾಂಕಿಗೆ ಹೋದಾಗ ಉತ್ತರ ಬದಲಾಗಿತ್ತು. "ಪೊಲೀಸ್ ಕೇಸ್ ಇದೆ. ಅವರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತನ್ನಿ."

ಮಾಲೀಕರು ನನ್ನ ಹತ್ತಿರ ಬಂದಾಗ ಪೊಲೀಸರೇ ತಮ್ಮ ಪೂರ್ತಿ ಹಣ ಹಿಡಿದಿದ್ದಾರೆ ಎಂದು ನಂಬಿದ್ದರು. ಬಿ.ಕಾಂ. ಓದುತ್ತಿರುವ ಅವರ ಮಗಳಿಗೆ ಮಾತ್ರ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಹೋಲ್ಡ್ ಸೋಮವಾರದ್ದು. ಖಾತೆ ನಿಂತಿದ್ದು ಶುಕ್ರವಾರ. ಶುಕ್ರವಾರ ನಿಲ್ಲಿಸಿದ್ದು ಯಾರು?

ಆ ಹುಡುಗಿ ಎತ್ತಿದ ಪ್ರಶ್ನೆಯೇ ಇಡೀ ಪ್ರಕರಣದ ತಿರುಳು. ಖಾತೆಗೆ ಬಿದ್ದಿದ್ದು ಎರಡು ಬೀಗ. ಒಂದನ್ನು ಹಾಕಿದವರು ಪೊಲೀಸರು, ಅದರ ಕೀಲಿ ಎಲ್ಲಿದೆ ಎಂದು ಕಾನೂನು ಹೇಳುತ್ತದೆ. ಇನ್ನೊಂದನ್ನು ಹಾಕಿದ್ದು ಬ್ಯಾಂಕಿನ ಎಐ.

18,400 ರೂಪಾಯಿ ಎಲ್ಲಿಂದ ಬಂತು

ಹಬ್ಬದ ಆರ್ಡರ್‌ಗಳ ನಡುವೆ ಹಾವೇರಿ ಕಡೆಯಿಂದ ಹೊಸ ಗಿರಾಕಿಯೊಬ್ಬ ಫೋನ್ ಮಾಡಿ ಮಂಡಕ್ಕಿ ಚೀಲ ಬೇಕೆಂದು ಹೇಳಿದ್ದ. ತನ್ನ ಖಾತೆಯಲ್ಲಿ ಏನೋ ತೊಂದರೆ, ಗೆಳೆಯನಿಂದ ಹಾಕಿಸುತ್ತೇನೆ ಎಂದ. ಬೇರೆ ಯಾರದೋ ಹೆಸರಿನಿಂದ 18,400 ರೂಪಾಯಿ ಬಂತು. ಮಾಲು ಲಾರಿ ಆಫೀಸಿಗೆ ಹೋಯಿತು, ರಸೀದಿ ಇದೆ. ನಮ್ಮ ಮಂಡಿಪೇಟೆಯಲ್ಲಿ ದಿನಾ ನಡೆಯುವ ವ್ಯವಹಾರವೇ ಇದು. ಮಾಲು ತಗೊಳ್ಳುವವನು ಒಬ್ಬ, ದುಡ್ಡು ಹಾಕುವವನು ಇನ್ನೊಬ್ಬ.

ಆ ಹಣದ ಹಿಂದಿನ ಕಥೆ ದೂರಿನಲ್ಲಿತ್ತು. ಇನ್ನೊಂದು ರಾಜ್ಯದಲ್ಲಿ ಒಬ್ಬ ನಿವೃತ್ತ ನೌಕರರು ಷೇರು ಹೂಡಿಕೆಯ ಸುಳ್ಳು ಆ್ಯಪ್ ನಂಬಿ ಹಣ ಕಳೆದುಕೊಂಡಿದ್ದರು. ಅವರ ಹಣ ಒಂದು ಖಾತೆಗೆ ಹೋಗಿ, ಅಲ್ಲಿಂದ ಚೂರು ಚೂರಾಗಿ ಬೇರೆ ಬೇರೆ ಖಾತೆಗಳಿಗೆ ಹರಿದಿತ್ತು. ಅದರ ಒಂದು ಚೂರು ಮಂಡಕ್ಕಿಯ ಬೆಲೆಯಾಗಿ ಇಲ್ಲಿಗೆ ಬಂದಿತ್ತು.

ಆ ನಿವೃತ್ತರ ಕಡೆಯಿಂದಲೂ ನೋಡಲೇಬೇಕು. ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಕೂಡಲೇ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರದ ವ್ಯವಸ್ಥೆಯಲ್ಲಿ ದೂರು ದಾಖಲಾಗುತ್ತದೆ. ಹಣ ಹೋದ ಬ್ಯಾಂಕಿಗೆ ಸಂದೇಶ ಹೋಗುತ್ತದೆ. ಆ ಬ್ಯಾಂಕಿನಲ್ಲಿ ಹಣ ಉಳಿದಿದ್ದರೆ ಹೋಲ್ಡ್, ಇಲ್ಲದಿದ್ದರೆ ಮುಂದಿನ ಬ್ಯಾಂಕಿಗೆ ಸಂದೇಶ. 2021ರಿಂದ ಇದು ನಡೆಯುತ್ತಿದೆ. ವಂಚಕರು ನಿಮಿಷಗಳಲ್ಲಿ ಹಣ ದಾಟಿಸುತ್ತಾರೆ. ಆದ್ದರಿಂದ ಮೊದಲು ಎಫ್‌ಐಆರ್, ಆಮೇಲೆ ಪತ್ರ, ಆಮೇಲೆ ಹೋಲ್ಡ್ ಅಂತ ಕೂತರೆ ಯಾರ ಹಣವೂ ಸಿಗುವುದಿಲ್ಲ. ಯಂತ್ರದ ವೇಗ ಇಲ್ಲಿ ಬೇಕೇ ಬೇಕು. ಅದರಲ್ಲಿ ನನಗೆ ಅನುಮಾನವಿಲ್ಲ.

ಈ ಮೊದಲ ಬೀಗಕ್ಕೆ ಕಾನೂನಿನ ಆಧಾರವೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಅಪರಾಧದ ಅನುಮಾನ ಇರುವ ಆಸ್ತಿಯನ್ನು ಪೊಲೀಸರು ವಶಕ್ಕೆ ಪಡೆಯಬಹುದು. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 102 ಇದ್ದ ಜಾಗ ಅದು. ವಶಕ್ಕೆ ಪಡೆದರೆ ಮ್ಯಾಜಿಸ್ಟ್ರೇಟರಿಗೆ ತಕ್ಷಣ ವರದಿ ಮಾಡಬೇಕು. ಅಪರಾಧದಿಂದ ಬಂದ ಹಣವೆಂದು ಜಪ್ತಿ ಮಾಡಬೇಕಾದರೆ 107ನೇ ಸೆಕ್ಷನ್. ಅಲ್ಲಿ ಕೋರ್ಟಿನ ಆದೇಶ ಬೇಕು, ಕಾರಣ ಕೇಳಿ 14 ದಿನದ ನೋಟಿಸ್ ಕೊಡಬೇಕು. ಹಣ ಬಿಡಿಸಿಕೊಳ್ಳಲು 503ನೇ ಸೆಕ್ಷನ್ ಅಡಿ ಅರ್ಜಿ ಹಾಕಬಹುದು. ದಾರಿ ಉದ್ದವಿದೆ, ನಿಜ. ದಾವಣಗೆರೆಯವರು ಹೊರರಾಜ್ಯದ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಲೆಯುವುದು ಸುಲಭದ ಮಾತಲ್ಲ. ಆದರೂ ದಾರಿ ಅಂತ ಒಂದಿದೆ.

ಎಷ್ಟು ಹಣ ನಿಲ್ಲಿಸಬೇಕು ಎನ್ನುವುದನ್ನೂ ಕೋರ್ಟುಗಳು ಹೇಳಿವೆ. ವಿವಾದದ ಮೊತ್ತಕ್ಕೆ ಮಾತ್ರ ಹೋಲ್ಡ್ ಇರಲಿ, ಪೂರ್ತಿ ಖಾತೆ ನಿಲ್ಲಿಸಬೇಡಿ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೇಳಿತು. ದೆಹಲಿಯಲ್ಲಿ ಛೋಲೆ ಭಟೂರೆ ಮಾರುವ ಒಬ್ಬರ ಖಾತೆಯನ್ನು 105 ರೂಪಾಯಿಯ ಒಂದು ಜಮೆಗಾಗಿ ಪೂರ್ತಿ ನಿಲ್ಲಿಸಲಾಗಿತ್ತು. 2024ರಲ್ಲಿ ಅಲ್ಲಿನ ಹೈಕೋರ್ಟ್ ಆ 105 ರೂಪಾಯಿಯನ್ನು ಮಾತ್ರ ಹಿಡಿದಿಟ್ಟು ಖಾತೆ ತೆರೆಯಲು ಆದೇಶಿಸಿತು.

ನಮ್ಮ ಪ್ರಕರಣದಲ್ಲಿ ಹೊರರಾಜ್ಯದ ತನಿಖಾಧಿಕಾರಿ ಕೇಳಿದ್ದೂ 18,400 ರೂಪಾಯಿ ಮಾತ್ರ. ಫೋನಿನಲ್ಲಿ ಅವರೇ ಅದನ್ನು ಸ್ಪಷ್ಟವಾಗಿ ಹೇಳಿದರು. ಹಾಗಾದರೆ ಉಳಿದ 3,23,300 ರೂಪಾಯಿ ಯಾರ ಆದೇಶದಿಂದ ನಿಂತಿದೆ?

ಎರಡನೇ ಬೀಗ

ಬ್ಯಾಂಕಿಗೆ ಲಿಖಿತವಾಗಿ ಕೇಳಿದೆವು. ಯಾವ ಸೆಕ್ಷನ್ ಅಡಿ, ಯಾರ ಆದೇಶದ ಮೇಲೆ, ಎಷ್ಟು ಮೊತ್ತಕ್ಕೆ? ಬ್ರಾಂಚ್‌ನಿಂದ ಉತ್ತರ ಬರಲಿಲ್ಲ. ಬ್ಯಾಂಕಿನಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆದ ಮೇಲೆ ಇಮೇಲ್ ಬಂತು. ಪೊಲೀಸ್ ಕೋರಿಕೆ 18,400 ರೂಪಾಯಿಗೆ ಮಾತ್ರ ಎಂದು ಅವರು ಒಪ್ಪಿಕೊಂಡರು. ಉಳಿದದ್ದು ಬ್ಯಾಂಕಿನ ಆಂತರಿಕ ರಿಸ್ಕ್ ನಿಗಾ ವ್ಯವಸ್ಥೆಯ ಕ್ರಮ, ಖಾತೆ 'ಹೈ ರಿಸ್ಕ್' ಎಂದು ಗುರುತಾಗಿದೆ, ವಿವರ ಗೌಪ್ಯ ಎಂದು ಬರೆದಿದ್ದರು.

ಖಾತೆ ಹೈ ರಿಸ್ಕ್ ಆಗಿದ್ದು ಹೇಗೆ? ಇಂಥ ವ್ಯವಸ್ಥೆಗಳು ಹುಡುಕುವುದು ಮ್ಯೂಲ್ ಖಾತೆಗಳನ್ನು. ಅಂದರೆ ವಂಚನೆಯ ಹಣ ದಾಟಿಸಲು ಬಾಡಿಗೆಗೆ ಕೊಟ್ಟ ಖಾತೆಗಳನ್ನು. ರಿಸರ್ವ್ ಬ್ಯಾಂಕಿನ ಇನ್ನೋವೇಶನ್ ಹಬ್ ಬೆಂಗಳೂರಿನಲ್ಲಿದೆ. ಅದು ಸಿದ್ಧಪಡಿಸಿದ 'ಮ್ಯೂಲ್‌ಹಂಟರ್ ಎಐ' ಬಗ್ಗೆ 2024ರ ಡಿಸೆಂಬರ್‌ನ ಹಣಕಾಸು ನೀತಿಯ ಹೇಳಿಕೆಯಲ್ಲಿ ಪ್ರಸ್ತಾಪ ಬಂತು. ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಮೊಬೈಲ್ ನಂಬರುಗಳಿಗೆ ವಂಚನೆಯ ಅಪಾಯದ ಮಟ್ಟ ಕೊಡುವ ವ್ಯವಸ್ಥೆ ತಂದಿತು. ಮಧ್ಯಮ, ಹೆಚ್ಚು, ಅತಿ ಹೆಚ್ಚು ಎಂದು ಮೂರು ಮಟ್ಟ. ಜೂನ್‌ನಲ್ಲಿ ಅದನ್ನು ಬಳಸಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಲಹೆ ಕೊಟ್ಟಿತು. ಇದಲ್ಲದೆ ಬ್ಯಾಂಕುಗಳ ಸ್ವಂತ ವ್ಯವಸ್ಥೆಗಳೂ ಇವೆ. ನಮ್ಮ ಪ್ರಕರಣದಲ್ಲಿ ಕೆಲಸ ಮಾಡಿದ್ದು ಯಾವುದು ಎಂದು ಬ್ಯಾಂಕು ತಿಳಿಸಲಿಲ್ಲ.

ಯಂತ್ರಕ್ಕೆ ಏನು ಕಂಡಿರಬಹುದು ಎಂದು ತಿಳಿಯಲು ನಾವೇ ಸ್ಟೇಟ್‌ಮೆಂಟ್ ಹಿಡಿದು ಕೂತೆವು. ಸೆಪ್ಟೆಂಬರ್ ಮೂರನೇ ವಾರದಿಂದ ಜಮೆಗಳು ಒಮ್ಮೆಲೇ ಏರಿವೆ. ಹಿಂದೆಂದೂ ಹಣ ಹಾಕದ ಹೊಸ ಹೆಸರುಗಳು ತುಂಬ ಇವೆ. ಬಂದ ಹಣ ಅದೇ ದಿನ ಇಲ್ಲವೇ ಮರುದಿನ ಭತ್ತಕ್ಕೆ, ಸೌದೆಗೆ, ಕೂಲಿಗೆ ಹೊರಟುಹೋಗಿದೆ. ರಾತ್ರಿ ಹೊತ್ತಿನಲ್ಲೂ ವಹಿವಾಟು ನಡೆದಿದೆ. ಜಿಎಸ್‌ಟಿ ನಂಬರ್ ಜೋಡಣೆಯಾಗಿಲ್ಲ. ಮ್ಯೂಲ್ ಖಾತೆಯೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ.

ಇದರಲ್ಲಿ ಒಂದೊಂದಕ್ಕೂ ನಮ್ಮೂರಿನ ಕಾರಣ ಇದೆ. ಜಮೆ ಏರಿದ್ದು ಹಬ್ಬಕ್ಕೆ. ಹೊಸ ಹೆಸರುಗಳು ಬಂದಿದ್ದು ಒಂದೇ ಸಲ ಚೀಲ ತಗೊಳ್ಳುವ ಗ್ಯಾರೇಜಿನವರು, ಆಟೋ ಸ್ಟ್ಯಾಂಡಿನವರು, ಸಂಘದವರಿಂದ. ರಾತ್ರಿ ವಹಿವಾಟು ಆಗಿದ್ದು ರಾತ್ರಿಪಾಳಿ ಒಲೆ ಉರಿದಿದ್ದಕ್ಕೆ. ಜಿಎಸ್‌ಟಿ ವಿಷಯವಂತೂ ನನಗೆ ತುಂಬ ಬೇಸರ ತಂದಿತು. ಪ್ಯಾಕ್ ಮಾಡಿ ಲೇಬಲ್ ಹಚ್ಚದೆ, ಬಿಡಿಯಾಗಿ ಚೀಲದಲ್ಲಿ ಮಾರುವ ಮಂಡಕ್ಕಿಗೆ ತೆರಿಗೆಯೇ ಇಲ್ಲ. ವಿನಾಯಿತಿ ಇರುವ ಸರಕನ್ನು ಮಾತ್ರ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಬಡವರ ತಿನಿಸು ಅಂತ ಒಂದು ಕಾನೂನು ಕೊಟ್ಟ ರಿಯಾಯಿತಿ ಇನ್ನೊಂದು ಕಡೆ ಅನುಮಾನದ ಗುರುತಾಗಿ ಎಣಿಕೆಗೆ ಬಂದಿರುವ ಸಾಧ್ಯತೆ ಇದೆ. ಆಯುಧ ಪೂಜೆಗೂ ಮಂಡಕ್ಕಿಗೂ ಇರುವ ನಂಟನ್ನು ಯಂತ್ರಕ್ಕೆ ಯಾರಾದರೂ ಕಲಿಸಿದ್ದರೇ? ಬ್ರಾಂಚ್ ಮ್ಯಾನೇಜರ್‌ಗೆ ಒಂದು ಫೋನ್ ಮಾಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇಲ್ಲಿ ಬ್ಯಾಂಕಿನ ವಾದವನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ನಮ್ಮ ಯಂತ್ರ ಶುಕ್ರವಾರ ಎಚ್ಚರಿಸಿತು, ಸೋಮವಾರ ಪೊಲೀಸರ ಹೋಲ್ಡ್ ಬಂತು, ಅಂದರೆ ಯಂತ್ರ ಹೇಳಿದ್ದು ಸರಿಯಲ್ಲವೇ ಎಂದು ಅವರು ಕೇಳಿದರು. ಈ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ವಂಚನೆಯ ಹಣ ಆ ಖಾತೆಗೆ ಬಂದಿದ್ದು ನಿಜ. ಪೊಲೀಸರಿಗಿಂತ ಮೊದಲೇ ಯಂತ್ರಕ್ಕೆ ಏನೋ ವಾಸನೆ ಬಡಿದಿತ್ತು. ಆದರೆ ಹಣದ ಬಗ್ಗೆ ಯಂತ್ರ ಪಟ್ಟ ಅನುಮಾನ ಸರಿ ಇದ್ದರೂ ಮನುಷ್ಯನ ಬಗ್ಗೆ ಬ್ಯಾಂಕು ಕಟ್ಟಿದ ತೀರ್ಮಾನ ತಪ್ಪು. ಮಾಲೀಕರು ಖಾತೆ ಬಾಡಿಗೆಗೆ ಕೊಟ್ಟವರಲ್ಲ, ಮಾಲು ಕೊಟ್ಟು ಬೆಲೆ ಪಡೆದವರು. ಇನ್ನು 18,400 ರೂಪಾಯಿಯ ಅನುಮಾನಕ್ಕೆ 3,41,700 ರೂಪಾಯಿ ನಿಲ್ಲಿಸಲು ಯಾವ ಲೆಕ್ಕವೂ ಒಪ್ಪುವುದಿಲ್ಲ. ಯಂತ್ರ ಕೊಟ್ಟಿದ್ದು ಒಂದು ಅಂಕ. ಆ ಅಂಕ ಬಂದರೆ ಪೂರ್ತಿ ಖಾತೆ ನಿಲ್ಲಿಸು ಎಂದು ನಿಯಮ ಹಾಕಿಟ್ಟಿದ್ದು ಬ್ಯಾಂಕಿನ ಮನುಷ್ಯರೇ.

ಒಂದು ಅಂದಾಜಿನ ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಖಾತೆಗಳಲ್ಲಿ 100 ಮ್ಯೂಲ್ ಖಾತೆ ಇವೆ ಎಂದಿಟ್ಟುಕೊಳ್ಳೋಣ. ಯಂತ್ರ ಅದರಲ್ಲಿ 90ನ್ನು ಹಿಡಿಯುತ್ತದೆ. ಉಳಿದ 99,900 ಒಳ್ಳೆಯ ಖಾತೆಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ತುಂಬ ಒಳ್ಳೆಯ ಯಂತ್ರ, ಅಲ್ವಾ? ಆದರೆ ತಪ್ಪಾಗಿ ಸಿಕ್ಕಿದವು 999. ಒಟ್ಟು 1,089 ಖಾತೆ ನಿಂತರೆ ಅದರಲ್ಲಿ ನಿಜವಾದ ಮ್ಯೂಲ್ 90 ಮಾತ್ರ. ಕಳ್ಳರು ಕಡಿಮೆ, ಒಳ್ಳೆಯವರು ಜಾಸ್ತಿ ಇರುವ ಕಡೆ ಎಂಥ ಒಳ್ಳೆಯ ಯಂತ್ರ ತಂದರೂ ಹೀಗೇ ಆಗುತ್ತದೆ. ಅದಕ್ಕೇ ಯಂತ್ರದ ಎಚ್ಚರಿಕೆಯ ಮೇಲೆ ಮನುಷ್ಯನ ಕಣ್ಣು ಬೀಳಲೇಬೇಕು ಎನ್ನುವುದು.

ಯಾವ ಕಾನೂನು ಹಿಡಿಯಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಪ್ರಕರಣದಲ್ಲಿ ದೊಡ್ಡ ಕೆಲಸವಾಯಿತು.

ಮಾಹಿತಿ ತಂತ್ರಜ್ಞಾನ ಕಾಯಿದೆ 2000ನೇ ಇಸವಿಯದು. ಇನ್ನೊಬ್ಬರ ಗುರುತು ಕದ್ದರೆ 66ಸಿ, ಕಂಪ್ಯೂಟರ್ ಬಳಸಿ ಇನ್ನೊಬ್ಬರಂತೆ ನಟಿಸಿ ಮೋಸ ಮಾಡಿದರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಸಂಘಟಿತ ಅಪರಾಧಕ್ಕೆ 111, ಅದರಲ್ಲಿ ಸೈಬರ್ ಅಪರಾಧವೂ ಸೇರಿದೆ. ಇವೆಲ್ಲ ವಂಚಕನನ್ನು ಹಿಡಿಯಲು. 2026ರ ಫೆಬ್ರವರಿಯಲ್ಲಿ ಎಐನಿಂದ ತಯಾರಿಸಿದ ಚಿತ್ರ, ಧ್ವನಿ, ವಿಡಿಯೊಗಳಿಗೆ ಗುರುತು ಹಾಕಬೇಕೆಂಬ ನಿಯಮವೂ ಬಂತು. ಒಳ್ಳೆಯದೇ. ಆದರೆ ಅದು ತಪ್ಪು ಮಾಡುವವರ ಕೈಯಲ್ಲಿರುವ ಎಐ ಬಗ್ಗೆ. ಕಾವಲು ಕಾಯಲು ಇಟ್ಟ ಎಐ ತಪ್ಪಿದರೆ ಏನು ಮಾಡಬೇಕೆಂದು ಇವುಗಳಲ್ಲಿ ಒಂದು ಸಾಲೂ ಇಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರ ಮೇಲೆ ನನಗೆ ಆಸೆ ಇತ್ತು. ಅದರ 8(3)ರಲ್ಲಿ ಒಬ್ಬರ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಅವರ ಮಾಹಿತಿ ಬಳಸುವಾಗ ಅದು ಪೂರ್ತಿಯಾಗಿ, ನಿಖರವಾಗಿ ಇರಬೇಕು ಎಂದಿದೆ. ನಮಗೆ ಬೇಕಾಗಿದ್ದು ಇದೇ. ಆದರೆ 17ನೇ ಸೆಕ್ಷನ್‌ಗೆ ಬಂದರೆ, ಅಪರಾಧ ತಡೆ, ಪತ್ತೆ, ತನಿಖೆಗಾಗಿ ಮಾಹಿತಿ ಬಳಸುವಾಗ ಈ ಕರ್ತವ್ಯ ಅನ್ವಯಿಸುವುದಿಲ್ಲ. ನನ್ನ ಬಗ್ಗೆ ಏನು ಮಾಹಿತಿ ಇದೆ ತೋರಿಸಿ ಎಂದು ಕೇಳುವ ಹಕ್ಕೂ ಆಗ ಇಲ್ಲ. ಉಳಿಯುವುದು ಮುಖ್ಯವಾಗಿ ಮಾಹಿತಿ ಸೋರದಂತೆ ಕಾಪಾಡುವ ಹೊಣೆ. ವಿನಾಯಿತಿ ಬರೆದಿರುವುದು ಉದ್ದೇಶವನ್ನು ನೋಡಿ. ಹಾಗಾಗಿ ಖಾಸಗಿ ಬ್ಯಾಂಕು ಕೂಡ ಇದರ ಹಿಂದೆ ನಿಲ್ಲಬಹುದು. ಅದೂ ಅಲ್ಲದೆ ಈ ಕಾಯಿದೆಯ ನಿಯಮಗಳು ಪ್ರಕಟವಾಗಿದ್ದೇ 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ.

ಕೊನೆಗೆ ಕೈಹಿಡಿದಿದ್ದು ರಿಸರ್ವ್ ಬ್ಯಾಂಕಿನದೇ ಕೆವೈಸಿ (ಗಿರಾಕಿಯ ಗುರುತು ಪರಿಶೀಲನೆ) ನಿರ್ದೇಶನ. ಆಗ ಜಾರಿಯಲ್ಲಿದ್ದ ಆ ನಿರ್ದೇಶನದಲ್ಲಿ ವಹಿವಾಟು ಗಮನಿಸಲು ಎಐ, ಮೆಷಿನ್ ಲರ್ನಿಂಗ್ ಬಳಸುವುದನ್ನು ಬ್ಯಾಂಕುಗಳು ಪರಿಗಣಿಸಬಹುದು ಎಂದಿತ್ತು. ಗಮನಿಸುವುದಕ್ಕೆ ಅದು ಆಧಾರವಾಯಿತು. ಗಮನಿಸಿದ ಮೇಲೆ ಅನುಮಾನ ಬಂದರೆ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯಂತೆ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಕೊಡಬೇಕು. ಆ ವರದಿಯ ವಿಷಯ ಗಿರಾಕಿಗೆ ಬಿಟ್ಟುಕೊಡುವ ಹಾಗಿಲ್ಲ. ಬ್ಯಾಂಕು 'ಗೌಪ್ಯ' ಎಂದಿದ್ದಕ್ಕೆ ಇದೇ ಕಾರಣ ಇರಬಹುದು. ಆದರೆ ಅದೇ ನಿರ್ದೇಶನದಲ್ಲಿ, ಅಂಥ ವರದಿ ಕೊಟ್ಟ ಮಾತ್ರಕ್ಕೆ ಖಾತೆಯ ವಹಿವಾಟಿಗೆ ನಿರ್ಬಂಧ ಹಾಕಬಾರದು ಎಂದೂ ಬರೆದಿತ್ತು. ಅನುಮಾನ ಬಂದರೆ ಗುಟ್ಟಾಗಿ ತಿಳಿಸಿ, ನಿಗಾ ಇಡಿ, ಖಾತೆ ನಿಲ್ಲಿಸುವುದಕ್ಕೆ ಅದೊಂದೇ ಸಾಲದು. ನಾವು ಈ ಸಾಲನ್ನೇ ಹಿಡಿದು ನೋಡಲ್ ಅಧಿಕಾರಿಗೆ ಎರಡನೇ ಪತ್ರ ಬರೆದೆವು. ಅಕ್ಟೋಬರ್ ಎರಡನೇ ವಾರದಲ್ಲಿ 3,23,300 ರೂಪಾಯಿ ಬಿಡುಗಡೆಯಾಯಿತು. ಯಾಕೆ ನಿಲ್ಲಿಸಿದರು ಎಂದು ಹೇಳದ ಹಾಗೆಯೇ ಯಾಕೆ ಬಿಟ್ಟರು ಎಂದೂ ಹೇಳಲಿಲ್ಲ.

ಹೋಲಿಸಿ ನೋಡಿದರೆ ನೋವಾಗುವ ಇನ್ನೊಂದು ಸಂಗತಿ ಇದೆ. ದೊಡ್ಡ ಸಾಲ ಪಡೆದ ಕಂಪನಿಯ ಖಾತೆಯನ್ನು ಬ್ಯಾಂಕು 'ವಂಚನೆ' ಎಂದು ಘೋಷಿಸುವ ಮೊದಲು ಅವರ ಮಾತು ಕೇಳಲೇಬೇಕು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಅದರಂತೆ 2024ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ನಿರ್ದೇಶನ ಬದಲಿಸಿತು. ನೋಟಿಸ್ ಕೊಡಬೇಕು, ಉತ್ತರಕ್ಕೆ ಕನಿಷ್ಠ 21 ದಿನ ಬಿಡಬೇಕು, ಕಾರಣ ಬರೆದ ಆದೇಶ ಇರಬೇಕು. ಕೋಟಿಗಟ್ಟಲೆ ಸಾಲದವರಿಗೆ ಇಷ್ಟು ರಕ್ಷಣೆ ಇದೆ. ಇರಲಿ, ಇರಬೇಕಾದ್ದೇ. ಮಂಡಕ್ಕಿ ಭಟ್ಟಿಗೆ 21 ದಿನ ಮೊದಲೇ ನೋಟಿಸ್ ಕೊಡಿ ಎಂದು ನಾನು ಕೇಳುವುದಿಲ್ಲ, ಅಷ್ಟರಲ್ಲಿ ನಿಜವಾದ ವಂಚಕ ಹಣ ದಾಟಿಸಿಬಿಡುತ್ತಾನೆ. ಮೊದಲು ನಿಲ್ಲಿಸಿ, ಆಮೇಲೆ ಕೇಳಿ. ಆದರೆ ನಿಲ್ಲಿಸಿದ ಮರುದಿನವಾದರೂ ಕೇಳಬೇಕಲ್ಲ?

ಎಐಗೆಂದೇ ಬಂದ ದಾಖಲೆಗಳೂ ಇವೆ. ರಿಸರ್ವ್ ಬ್ಯಾಂಕ್ ನೇಮಿಸಿದ, ಐಐಟಿ ಬಾಂಬೆಯ ಪ್ರೊ. ಪುಷ್ಪಕ್ ಭಟ್ಟಾಚಾರ್ಯ ಅಧ್ಯಕ್ಷತೆಯ ಸಮಿತಿ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಏಳು ಸೂತ್ರ, 26 ಶಿಫಾರಸು. ಜನ ಮೊದಲು, ಹೊಣೆಗಾರಿಕೆ, ಅರ್ಥವಾಗುವಂತಿರಬೇಕು ಎಂಬುವು ಆ ಸೂತ್ರಗಳಲ್ಲಿವೆ. ನವೆಂಬರ್‌ನಲ್ಲಿ ಕೇಂದ್ರ ಐಟಿ ಸಚಿವಾಲಯ ಹೊರತಂದ ಎಐ ಆಡಳಿತದ ಮಾರ್ಗಸೂಚಿಯೂ ಇದೇ ಏಳು ಸೂತ್ರಗಳನ್ನು ತೆಗೆದುಕೊಂಡಿತು. ಸದ್ಯಕ್ಕೆ ಎಐಗೆ ಪ್ರತ್ಯೇಕ ಕಾನೂನು ಬೇಡ, ಇರುವ ಕಾನೂನುಗಳೇ ಸಾಕು ಎನ್ನುವ ಕಡೆಗೆ ಅದು ವಾಲಿತು. ಈ ಪ್ರಕರಣದಲ್ಲಿ ಇರುವ ಕಾನೂನುಗಳನ್ನು ಒಂದೊಂದಾಗಿ ತೆರೆದು ನೋಡಿದವನಾಗಿ ನಾನು ಅದನ್ನು ಒಪ್ಪಲಾರೆ. ಸೂತ್ರಗಳನ್ನು ಹಿಡಿದು ಬ್ಯಾಂಕಿನ ಕೌಂಟರ್ ಮುಂದೆ ನಿಂತರೆ ಯಾರೂ ಖಾತೆ ತೆರೆಯುವುದಿಲ್ಲ.

ಯುರೋಪಿನ ಕಾನೂನು ನಕಲು ಮಾಡಿದರೂ ಸಾಲದು. 2024ರಲ್ಲಿ ಜಾರಿಗೆ ಬಂದ ಅವರ ಎಐ ಕಾಯಿದೆ ಸಾಲದ ಅರ್ಹತೆ ಅಳೆಯುವ ಎಐಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ಹಣಕಾಸು ವಂಚನೆ ಪತ್ತೆ ಮಾಡುವ ಎಐಯನ್ನು ಆ ಸಾಲಿನಿಂದ ಹೊರಗಿಟ್ಟಿದೆ. ಬರೀ ಯಂತ್ರದ ತೀರ್ಮಾನಕ್ಕೆ ಒಳಗಾಗದಿರುವ ಹಕ್ಕು ಅವರ ಹಳೆಯ ದತ್ತಾಂಶ ಕಾನೂನಿನಲ್ಲೇ ಇರುವುದರಿಂದ ಅವರಿಗೆ ಅಷ್ಟು ತೊಂದರೆಯಿಲ್ಲ. ನಮಗೆ ಆ ಆಸರೆಯೂ ಇಲ್ಲ.

ಈ ವಿಷಯ ಈಗ ಬೇಗ ಇತ್ಯರ್ಥವಾಗಬೇಕಾಗಿದೆ. ಡಿಜಿಟಲ್ ಅರೆಸ್ಟ್ ಪ್ರಕರಣಗಳನ್ನು ತಾನಾಗಿಯೇ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್, 2025ರ ಡಿಸೆಂಬರ್ 1ರಂದು ತನಿಖೆಯನ್ನು ಸಿಬಿಐಗೆ ಕೊಟ್ಟಿತು. ಅದೇ ದಿನ, ವಂಚನೆಯ ಹಣ ಹೋಗುವ ಖಾತೆಗಳನ್ನು ಗುರುತಿಸಿ ಹಣ ನಿಲ್ಲಿಸಲು ಎಐ ಬಳಕೆ ಯಾವಾಗ ಜಾರಿಗೆ ಬರುತ್ತದೆ ಎಂದು ರಿಸರ್ವ್ ಬ್ಯಾಂಕನ್ನು ಕೇಳಿತು. ಕಳೆದುಕೊಂಡವರ ಕಣ್ಣೀರು ನೋಡಿದ ಯಾರಾದರೂ ಅದನ್ನೇ ಕೇಳುತ್ತಾರೆ. ಹಾಗಾಗಿ ಬ್ಯಾಂಕುಗಳಲ್ಲಿ ಎಐ ಇನ್ನೂ ಹೆಚ್ಚು ಖಾತೆಗಳನ್ನು ನಿಲ್ಲಿಸಲಿದೆ. ಹಾಗೆ ನಿಲ್ಲಿಸುವ ಅಧಿಕಾರ ಕೊಡುವ ನಿಯಮದಲ್ಲೇ ಉಳಿದದ್ದೂ ಇರಬೇಕು. ಅನುಮಾನದ ಮೊತ್ತಕ್ಕಷ್ಟೇ ತಡೆ, ಪೂರ್ತಿ ಖಾತೆ ನಿಲ್ಲಿಸಬೇಕೆಂದರೆ ಒಬ್ಬ ಅಧಿಕಾರಿಯ ಸಹಿ. ಗಿರಾಕಿಯ ಭಾಷೆಯಲ್ಲಿ ಕಾರಣ, ಅಂದರೆ ಇಲ್ಲಿ ಕನ್ನಡದಲ್ಲಿ. ಬ್ಯಾಂಕ್ ರಜೆಯಲ್ಲೂ ಫೋನ್ ಎತ್ತುವ ಒಬ್ಬರು. ಇಷ್ಟು ದಿನದೊಳಗೆ ಮನುಷ್ಯರು ನೋಡಿ ಖಚಿತ ಮಾಡದಿದ್ದರೆ ತಡೆ ತಾನಾಗಿ ತೆರವು ಎನ್ನುವ ಗಡುವು. ವಂಚಕರನ್ನು ಗುರುತಿಸುವ ವಿಧಾನ ಬಯಲು ಮಾಡಿ ಎಂದು ನಾನು ಕೇಳುತ್ತಿಲ್ಲ. ಹೊಸ ಹೆಸರುಗಳಿಂದ ಒಮ್ಮೆಲೇ ಜಮೆ ಬಂದಿದೆ, ಬಿಲ್ಲು ತೋರಿಸಿ ಎಂದರೆ ಸಾಕಿತ್ತು. ಅಷ್ಟಕ್ಕೆ ಯಾವ ಗುಟ್ಟೂ ಬಯಲಾಗುತ್ತಿರಲಿಲ್ಲ.

ಉಳಿದ ಭಾಗ

18,400 ರೂಪಾಯಿ ಬಿಡಿಸಿಕೊಳ್ಳಲು ತನಿಖಾಧಿಕಾರಿ ಕೇಳಿದ್ದನ್ನೆಲ್ಲ ಕೊಟ್ಟೆವು. ಭಟ್ಟಿಯ ಲೆಕ್ಕದ ಪುಸ್ತಕದ ಪುಟ, ಲಾರಿ ಆಫೀಸಿನ ರಸೀದಿ, ಆರ್ಡರ್ ಬಂದ ವಾಟ್ಸಾಪ್ ಸಂದೇಶ. ವಾಟ್ಸಾಪ್ ಪ್ರತಿಯನ್ನು ಸುಮ್ನೆ ಪ್ರಿಂಟ್ ತೆಗೆದು ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಂತೆ ಹ್ಯಾಶ್ ಸಂಖ್ಯೆ (ದಾಖಲೆ ತಿದ್ದಿದರೆ ಬದಲಾಗುವ ಗುರುತು ಸಂಖ್ಯೆ) ಸಮೇತ ಪ್ರಮಾಣಪತ್ರ ಬೇಕು. ಅದನ್ನೂ ಸಿದ್ಧಪಡಿಸಿದೆವು. ಆಗ ನನಗೆ ಹೊಳೆದಿದ್ದು: ನಾಳೆ ಬ್ಯಾಂಕು ತನ್ನ ಯಂತ್ರದ ಅಂಕವನ್ನು ಕೋರ್ಟಿಗೆ ತಂದರೆ ಅದಕ್ಕೂ ಇದೇ ಪ್ರಮಾಣಪತ್ರ. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು, ದಾಖಲೆ ತಿದ್ದಿಲ್ಲ ಎಂದು ಅದು ಹೇಳುತ್ತದೆ. ಆ ಅಂಕ ಏಕೆ ಬಂತು, ಅದು ನಂಬಿಕೆಗೆ ಅರ್ಹವೇ ಎನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಮಂಡಕ್ಕಿಯವರ ವಾಟ್ಸಾಪ್‌ಗೂ ಆ ಅಂಕಕ್ಕೂ ಒಂದೇ ಪರೀಕ್ಷೆ.

ದಾಖಲೆ ನೋಡಿದ ತನಿಖಾಧಿಕಾರಿ ಎನ್‌ಒಸಿ ಕಳಿಸಿದರು. ಬ್ಯಾಂಕು ಹೋಲ್ಡ್ ತೆಗೆಯಿತು. ಆದರೆ ಹಬ್ಬದ ವಾರದಲ್ಲಿ ಭತ್ತ ಸಿಗದೆ ಒಲೆ ಆರಿಸಿದ್ದು, ಕೈಸಾಲದ ಬಡ್ಡಿ, ಎರಡು ಹಳೆಯ ಗಿರಾಕಿಗಳು ಬೇರೆ ಭಟ್ಟಿಗೆ ಹೋಗಿದ್ದು, ಇದಕ್ಕೆಲ್ಲ ಏನು? ಬ್ಯಾಂಕಿಗೆ ದೂರು ಕೊಟ್ಟೆವು. ಗಿರಾಕಿಗಳ ಹಿತಕ್ಕಾಗಿಯೇ ಕ್ರಮ ಕೈಗೊಂಡಿದ್ದೇವೆ ಎಂಬ ಉತ್ತರ ಬಂತು. ಆಮೇಲೆ ಬ್ಯಾಂಕುಗಳ ಮೇಲಿನ ದೂರು ಕೇಳುವ, ರಿಸರ್ವ್ ಬ್ಯಾಂಕಿನ 2021ರ ಸಮಗ್ರ ಓಂಬುಡ್ಸ್‌ಮನ್ ಯೋಜನೆಯ ಕಡೆ ತಿರುಗಿದೆವು. ಶುಲ್ಕ ಇಲ್ಲ. ನಷ್ಟಕ್ಕೆ 20 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಯೋಜನೆಯಲ್ಲಿ ಇತ್ತು. ಆದರೆ ಅಲ್ಲಿ ವಕೀಲರ ಮೂಲಕ ದೂರು ಕೊಡುವ ಹಾಗಿಲ್ಲ. ಹಾಗಾಗಿ ಮಾಲೀಕರ ಹೆಸರಿನಲ್ಲಿ ಮಗಳೇ ಕೂತು ಆನ್‌ಲೈನ್‌ನಲ್ಲಿ ಅರ್ಜಿ ತುಂಬಿದಳು.

ದೂರು ಇನ್ನೂ ವಿಚಾರಣೆಯಲ್ಲಿದೆ. ಅದರಲ್ಲಿ ಪರಿಹಾರದ ಮೊತ್ತ ಬರೆದಿರುವುದು ಕೊನೆಯ ಪ್ಯಾರಾದಲ್ಲಿ. ಮೊದಲು ಕೇಳಿರುವುದು ಸೆಪ್ಟೆಂಬರ್ 26ರ ಸಂಜೆ ಪೂರ್ತಿ ಖಾತೆ ನಿಲ್ಲಿಸಲು ಒಪ್ಪಿಗೆ ಕೊಟ್ಟ ಅಧಿಕಾರಿ ಯಾರು, ಅಂಥ ಒಬ್ಬರು ಇದ್ದರೇ ಎಂದು.